ಎರಡಕ್ಕೆ ನಿಲ್ಲಬೇಕೆ, ನಾಲ್ಕಕ್ಕೆ ಏರಬೇಕೆ?

ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ಅಧ್ಯಾಪಕರು ಬಾದಾಮಿಯಿಂದ ಬೆಟ್ಟದ ಕಾಲುದಾರಿ ಹಿಡಿದು ಮಹಾಕೂಟಕ್ಕೆ ಹೋಗಿದ್ದೆವು. ಪುಷ್ಕರಿಣಿಯಲ್ಲಿ ಮಿಂದು, ಮಹಾಕೂಟೇಶ್ವರನ ದರ್ಶನ ಪಡೆದು ಹೊರಬರುವಷ್ಟರಲ್ಲಿ ಮಳೆ ಹಿಡಿಯಿತು. ಗುಡಿಯ ಹೊರಗಿನ ಚಹದಂಗಡಿಯಲ್ಲಿ ಕುಳಿತು ಬ್ರಿಡ್ಜ್ ಆಡತೊಡಗಿದೆವು. “ಇಸ್ಪೀಟ್ ಇಲ್ಲಿ ಬ್ಯಾಡ್ರಿ ಸರ, ಪೊಲೀಸರು ನೋಡಿದ್ರ ನನಗ ತ್ರಾಸು” ಎಂದು ಅಂಗಡಿಯವನು ಅಂಜಿದನು. ಹಣವಿಲ್ಲದ ಆಟವೆಂದು ಅವನನ್ನು ಒಪ್ಪಿಸಬೇಕಾಯಿತು. ರಮ್ಮಿಯು ಮುಖ್ಯವಾಗಿ ಕೌಶಲದ ಆಟ, ಅದರಲ್ಲಿನ ಅದೃಷ್ಟದ ಅಂಶವು ಬ್ರಿಡ್ಜಿನ ಎಲೆ ಹಂಚಿಕೆಯಲ್ಲಿರುವಂಥದೇ ಎಂದು ಸುಪ್ರೀಂ ಕೋರ್ಟು 1968ರಲ್ಲಿಯೇ ಹೇಳಿದೆ. ಆದರೆ ಆ ತೀರ್ಪು ಚಹದಂಗಡಿಯ ವರೆಗೆ ಬಂದಿರಲಿಲ್ಲ.

ಅಂದು ಒಂದು ಹಂಚಿಕೆಯಲ್ಲಿ ನನ್ನ ಕೈಗೆ ಬಂದ ಎಲೆಗಳು ಇವು: ಇಸ್ಪೀಟಿನಲ್ಲಿ ಎಕ್ಕ, ರಾಜ, 8, 6, 4, ಆಟೀನಿನಲ್ಲಿ ಎಕ್ಕ, 7, 2, ಡೈಮಂಡಿನಲ್ಲಿ ಎಕ್ಕ, 5, ಕಳಾವರಿನಲ್ಲಿ ರಾಣಿ, 10, 3. ನಾನು ‘ಒಂದು ಇಸ್ಪೀಟು’ ಎಂದು ಕೂಗಿದೆ. ಎದುರಿನ ಜೊತೆಗಾರರು ‘ಎರಡು’ ಎಂದರು. ಅಲ್ಲಿಗೇ ನಾನು ಸುಮ್ಮನಾದೆ. ಆಟ ಮುಗಿದಾಗ ನಮಗೆ ಹತ್ತು ಟ್ರಿಕ್ಕುಗಳು ಬಂದಿದ್ದವು. “ಏನ್ರೀ ಇದು, ಗೇಮ್ ಕೈಬಿಟ್ರಲ್ಲಾ!” ಎಂದು ಜೊತೆಗಾರರು ಮುಖ ಗಂಟು ಹಾಕಿದರು.

ಆಟವನ್ನರಿಯದ ವಾಚಕರಿಗಾಗಿ ಎರಡು ಮಾತು. ಪ್ರತಿಯೊಬ್ಬನಿಗೂ ಹದಿಮೂರು ಎಲೆ. ಆದ್ದರಿಂದ ಒಟ್ಟು ಹದಿಮೂರು ಟ್ರಿಕ್ಕು. ‘ಎರಡು’ ಎಂದು ಕೂಗಿದವನು ಆರಕ್ಕೆ ಎರಡು ಸೇರಿಸಿ ಎಂಟನ್ನೂ, ‘ನಾಲ್ಕು’ ಎಂದವನು ಹತ್ತನ್ನೂ ಗೆಲ್ಲಲು ಬದ್ಧನು. ಇಸ್ಪೀಟು ತುರುಫಾದಾಗ ಆರರ ಮೇಲಿನ ಒಂದೊಂದು ಟ್ರಿಕ್ಕಿಗೂ 30 ಅಂಕ. ಕೂಗಿದಷ್ಟರಿಂದಲೇ 100 ಅಂಕ ತುಂಬಿದರೆ ಅದು ‘ಗೇಮ್’. ಅದಕ್ಕೆ 300 ಅಂಕಗಳ ಬಹುಮಾನ, ತುಂಬದಿದ್ದರೆ ಬರಿಯ 50. ‘ವಲ್ನರಬಲ್’ ಎಂಬ ಸ್ಥಿತಿಯಲ್ಲಿರುವವರಿಗೆ ಗೇಮಿನ ಬಹುಮಾನ 500. ಆದರೆ ಒಂದು ಟ್ರಿಕ್ಕು ಕಡಮೆಯಾದರೆ 50ರ ಬದಲು 100 ದಂಡ. 1925ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಹಡಗಿನ ಪ್ರಯಾಣದಲ್ಲಿ ಈ ಏರ್ಪಾಡನ್ನು ಪ್ರಯೋಗಿಸಿ ನೋಡಿದನು. ಕೂಗದೆ ಗೆದ್ದ ಗೇಮಿಗೆ ಬಹುಮಾನವಿಲ್ಲ ಎಂಬುದೇ ಈ ಆಟದ ಜೀವಾಳ.

ಜೊತೆಗಾರರ ಎಲೆಗಳು: ಇಸ್ಪೀಟು 9, 7, 5, 2; ಆಟೀನು ರಾಜ, 6, 3; ಡೈಮಂಡು 8, 4, 2; ಕಳಾವರು ರಾಜ, ಗುಲಾಮ, 5. ಎರಡೂ ಕೈಗಳನ್ನು ಕೂಡಿ ನೋಡಿದರೆ ಆಟೀನು, ಡೈಮಂಡು, ಕಳಾವರು ಒಂದೊಂದರಲ್ಲಿಯೂ ಒಂದೊಂದು ಟ್ರಿಕ್ಕು ಹೋಗುವುದು ನಿಶ್ಚಯ. ಆದುದರಿಂದ ತುರುಫಿನಲ್ಲಿ ಒಂದೂ ಹೋಗಬಾರದು. ಪ್ರತಿಪಕ್ಷದವರ ಬಳಿ ಇರುವ ಇಸ್ಪೀಟುಗಳು ನಾಲ್ಕು: ರಾಣಿ, ಗುಲಾಮ, 10, 3. ಇವು ಇಬ್ಬರಲ್ಲಿಯೂ ಎರಡೆರಡಾಗಿದ್ದರೆ ನನ್ನ ಎಕ್ಕ–ರಾಜಗಳಿಗೆ ನಾಲ್ಕೂ ಉದುರುತ್ತವೆ. ಮೂರು–ಒಂದು ಆಗಿದ್ದರೆ ಒಂಬತ್ತೇ ಟ್ರಿಕ್ಕು.

ಎರಡೆರಡಾಗುವ ಸಂಭವ ಎಷ್ಟು? ನಾಣ್ಯ ಚಿಮ್ಮಿ ಒಂದೊಂದು ಎಲೆಯನ್ನೂ ಹಂಚಿದರೆ ಹದಿನಾರರಲ್ಲಿ ಆರು ಸಲ, ಎಂದರೆ ನೂರಕ್ಕೆ 37.5. ಆದರೆ ಇಸ್ಪೀಟೆಲೆ ನಾಣ್ಯವಲ್ಲ. ಒಬ್ಬನ ಕೈಯಲ್ಲಿ ಹದಿಮೂರೇ ಸ್ಥಳ. ಒಂದು ಇಸ್ಪೀಟು ಅಲ್ಲಿ ಕುಳಿತರೆ ಅವನಲ್ಲಿ ಉಳಿಯುವುದು ಹನ್ನೆರಡು, ಮತ್ತೊಬ್ಬನಲ್ಲಿ ಹದಿಮೂರು. ಎರಡನೆಯ ಎಲೆಯು ಮತ್ತೊಬ್ಬನ ಕಡೆಗೆ ತುಸು ವಾಲುತ್ತದೆ. ಹೀಗೆ ಸ್ಥಳಗಳನ್ನೆಣಿಸಿ ಲೆಕ್ಕ ಹಾಕಿದರೆ ಎರಡೆರಡಾಗುವ ಸಂಭವ 40.7, ಮೂರು–ಒಂದು 49.7, ನಾಲ್ಕೂ ಒಬ್ಬನಲ್ಲೇ ಇರುವುದು 9.6.

ನೂರರಲ್ಲಿ 59 ಸಲ ಸೋಲುವ ಗೇಮನ್ನು ಯಾವ ಬುದ್ಧಿವಂತ ಕೂಗುತ್ತಾನೆ ಎಂದು ತೋರಬಹುದು. ಲಾಭನಷ್ಟಗಳನ್ನು ತೂಗಿ ನೋಡೋಣ. ಹತ್ತು ಟ್ರಿಕ್ಕು ಬಂದಾಗ ಎರಡಕ್ಕೆ ನಿಂತವನಿಗೆ 170 ಅಂಕ. ನಾಲ್ಕು ಕೂಗಿದವನಿಗೆ 420, ವಲ್ನರಬಲ್ ಆಗಿದ್ದರೆ 620. ಒಂಬತ್ತೇ ಬಂದಾಗ ನಿಂತವನಿಗೆ 140. ಏರಿದವನಿಗೆ 50 ಅಥವಾ 100 ದಂಡ. ಎಂದರೆ ವಲ್ನರಬಲ್ ಸ್ಥಿತಿಯಲ್ಲಿ ಏರಿದವನು 41 ಸಲ 450ರಂತೆ 18,450 ಅಂಕ ಹೆಚ್ಚು ಪಡೆದು, 59 ಸಲ 240ರಂತೆ 14,160 ಕಳೆದುಕೊಳ್ಳುತ್ತಾನೆ. ಕೂಗಿದವನಿಗೇ ಲಾಭ! ವಲ್ನರಬಲ್ ಅಲ್ಲದಿದ್ದರೆ 41 ಸಲ 250ರಂತೆ 10,250; 59 ಸಲ 190ರಂತೆ 11,210. ಈಗ ನಿಂತವನಿಗೆ ಲಾಭ. ನಾಲ್ಕು ಇಸ್ಪೀಟೂ ಒಬ್ಬನಲ್ಲೇ ಇದ್ದಾಗ ನಷ್ಟ ಇನ್ನೂ ಸ್ವಲ್ಪ ಹೆಚ್ಚುವುದು. ಆದರೂ ಫಲ ಬದಲಾಗದು.

ತಂಡಗಳ ಸ್ಪರ್ಧೆಯಲ್ಲಿ ಅದೇ ಎಲೆಗಳನ್ನು ಎರಡು ಮೇಜಿನಲ್ಲಿ ಆಡಿಸಿ, ಅಂಕಗಳ ಅಂತರವನ್ನು ಒಂದು ಕೋಷ್ಟಕದಿಂದ ಇಳಿಸಿ ಬರೆಯುತ್ತಾರೆ. ಅಲ್ಲಿ 450ಕ್ಕೆ 10, 240ಕ್ಕೆ 6. ಆದ್ದರಿಂದ ವಲ್ನರಬಲ್ ಗೇಮಿಗೆ ಹದಿನಾರರಲ್ಲಿ ಆರರಷ್ಟು, ಎಂದರೆ 37.5ರ ಸಂಭವ ಸಾಕು. (ನಾಣ್ಯದ ಲೆಕ್ಕದಲ್ಲಿಯೂ ಇದೇ ಸಂಖ್ಯೆ ಬಂದುದು ಕೇವಲ ಕಾಕತಾಳೀಯ.) ವಲ್ನರಬಲ್ ಅಲ್ಲದಾಗ ಸುಮಾರು 45 ಬೇಕು. ಜೋಡಿಗಳ ಸ್ಪರ್ಧೆಯಲ್ಲಾದರೋ ಎಷ್ಟು ಅಂಕದಿಂದ ಗೆದ್ದೆವೆಂಬುದು ಮುಖ್ಯವಲ್ಲ, ಎಷ್ಟು ಜೋಡಿಗಳನ್ನು ಮೀರಿದೆವೆಂಬುದೇ ಮುಖ್ಯ. ಅಲ್ಲಿ 50 ಬೇಕು.

ಕೂಗುವಾಗ ಎದುರಿನ ಕೈ ಕಾಣುವುದಿಲ್ಲವಲ್ಲ? ಅದಕ್ಕಾಗಿಯೇ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಎಣಿಕೆ. ಇಬ್ಬರದೂ ಸೇರಿ 25 ಅಥವಾ 26 ಆದರೆ ನಾಲ್ಕು ಇಸ್ಪೀಟಿಗೆ ಏರಬಹುದೆಂಬುದು ವಾಡಿಕೆ. ನನ್ನಲ್ಲಿ 17 ಇತ್ತು; ಜೊತೆಗಾರರ ‘ಎರಡು’ ಎಂಬ ಕೂಗು 6ರಿಂದ 9ರ ವರೆಗೆ ಎಂದು ತಿಳಿಸುತ್ತಿತ್ತು. ನಾನು ‘ಮೂರು’ ಎಂದು ಕೇಳಿ ನೋಡಬಹುದಾಗಿತ್ತು. 8 ಅಥವಾ 9 ಇದ್ದವರು ನಾಲ್ಕಕ್ಕೆ ಏರುತ್ತಾರೆ, 6 ಇದ್ದವರು ಸುಮ್ಮನಾಗುತ್ತಾರೆ. ಅವರಲ್ಲಿದ್ದುದು 7. ವಲ್ನರಬಲ್ ಆಗಿದ್ದರೆ 7ಕ್ಕೂ ಏರಬೇಕು, ಅಲ್ಲದಿದ್ದರೆ ನಿಲ್ಲಬೇಕು.

ನಾವು ಅಂದು ವಲ್ನರಬಲ್ ಆಗಿರಲಿಲ್ಲ. ಮಳೆ ನಿಂತ ಮೇಲೆ ಬೆಟ್ಟ ಹತ್ತುತ್ತ ಈ ಲೆಕ್ಕವನ್ನೆಲ್ಲ ಜೊತೆಗಾರರಿಗೆ ಹೇಳಿದೆ. ಲೆಕ್ಕ ಸರಿಯೆಂದು ಅವರು ಒಪ್ಪಿದರು; ಹೋದ 250 ಅಂಕಗಳ ಮಾತನ್ನು ಮಾತ್ರ ಬಾದಾಮಿ ಮುಟ್ಟುವ ವರೆಗೂ ಬಿಡಲಿಲ್ಲ.