ಶ್ವಾಸಕೋಶದ ಇಕ್ಕಟ್ಟಾದ ದಾರಿಗಳು

ಕಾರ್ಕಳದ ಗೊಮ್ಮಟನ ಬೆಟ್ಟವನ್ನು ಏರುವ ಯಾತ್ರಿಕರನ್ನು ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಗೋಚರವಾಗದಿರದು. ಹುಡುಗರು ಓಡುತ್ತಲೇ ಮೇಲೇರುತ್ತಾರೆ. ನಡುವಯಸ್ಸಿನವರು ಮಧ್ಯೆ ನಿಂತು ಬೆವರೊರಸಿಕೊಳ್ಳುತ್ತಾರೆ. ಅಪರೂಪಕ್ಕೊಮ್ಮೆ, ಮೈಕಟ್ಟಿನಲ್ಲಿ ಯಾವ ಕುಂದೂ ಕಾಣದ ತರುಣಿಯೊಬ್ಬಳು ಹತ್ತು ಮೆಟ್ಟಿಲಿಗೇ ಏದುಸಿರು ಬಿಡುತ್ತ ಕುಳಿತುಬಿಡುತ್ತಾಳೆ. ‘ಮೈಯಲ್ಲಿ ರಕ್ತ ಕಡಮೆ’, ‘ಉಬ್ಬಸವಿರಬೇಕು’, ‘ನಡೆದು ಅಭ್ಯಾಸವಿಲ್ಲ’ ಎಂದು ಜೊತೆಯವರು ಸಮಾಧಾನ ಹೇಳುವರು. ಬಹುಮಟ್ಟಿಗೆ ಅವರ ಊಹೆ ಸರಿಯಾಗಿಯೇ ಇರುತ್ತದೆ. ಆದರೆ ಎಲ್ಲೋ ಒಬ್ಬರ ವಿಷಯದಲ್ಲಿ ಅದು ತಪ್ಪು. ಆ ತಪ್ಪು ತಿಳಿಯುವ ಹೊತ್ತಿಗೆ ಎರಡು ಮೂರು ವರ್ಷಗಳೇ ಕಳೆದಿರುವುದುಂಟು. ಅಂಥವರ ಕಾಯಿಲೆ ಇರುವುದು ಶ್ವಾಸಕೋಶದ ಗಾಳಿಯ ದಾರಿಗಳಲ್ಲಿ ಅಲ್ಲ, ರಕ್ತದ ದಾರಿಗಳಲ್ಲಿ.

ಹೃದಯವನ್ನು ಒಂದು ಪಂಪಿಗೆ ಹೋಲಿಸುವುದು ವಾಡಿಕೆ. ವಾಸ್ತವವಾಗಿ ಅದು ಒಂದಕ್ಕೊಂದು ಅಂಟಿಕೊಂಡಿರುವ ಎರಡು ಪಂಪುಗಳು. ಎಡ ಹೃತ್ಕುಕ್ಷಿಯು ಇಡೀ ದೇಹಕ್ಕೆ ರಕ್ತವನ್ನು ನೂಕುತ್ತದೆ. ಬಲ ಹೃತ್ಕುಕ್ಷಿಯು ಶ್ವಾಸಕೋಶಗಳಿಗೆ ಮಾತ್ರ. ಎರಡೂ ನಿಮಿಷಕ್ಕೆ ನೂಕುವ ರಕ್ತ ಸರಿಸಮ, ಸುಮಾರು ೫ ಲೀಟರು. ಆದರೆ ನೂಕುವ ಒತ್ತಡದಲ್ಲಿ ಅಜಗಜಾಂತರ. ಎಡಗಡೆಯ ಸರಾಸರಿ ಒತ್ತಡ ಪಾದರಸದ ೯೫ ಮಿಲಿಮೀಟರು ಆದರೆ ಬಲಗಡೆಯದು ಸುಮಾರು ೧೪ ಮಾತ್ರ. ಪಾದರಸವು ನೀರಿಗಿಂತ ೧೩.೬ ಪಾಲು ಸಾಂದ್ರವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಗುಣಿಸಿ ನೋಡಿದರೆ, ಎಡ ಪಂಪು ೧೨೯ ಸೆಂಟಿಮೀಟರು ಎತ್ತರದ ನೀರಿನ ಕಂಬವನ್ನು ಹೊರಬಲ್ಲದು; ಬಲ ಪಂಪು ೧೯ ಸೆಂಟಿಮೀಟರನ್ನು, ಎಂದರೆ ಒಂದು ಗೇಣಿಗೂ ಕಡಮೆ.

ಇಷ್ಟು ಕಡಮೆ ಒತ್ತಡ ಸಾಲುವುದೇ? ನಿಂತಿರುವ ಮನುಷ್ಯನ ಶ್ವಾಸಕೋಶದ ಎತ್ತರ ಸುಮಾರು ೩೦ ಸೆಂಟಿಮೀಟರು. ರಕ್ತ ಒಳಹೊಗುವುದು ಅದರ ನಡುಭಾಗದಲ್ಲಿ. ತುದಿಗೆ ಏರಬೇಕಾದ ಎತ್ತರ ೧೫ ಸೆಂಟಿಮೀಟರು. ಹತ್ತೊಂಬತ್ತು ಅದಕ್ಕೆ ಸಾಕು, ಆದರೆ ಹೆಚ್ಚೇನೂ ಉಳಿಯದು. ಕಾರ್ಕಳದಲ್ಲಿ ೧೪೩೨ರಲ್ಲಿ ನಿಲ್ಲಿಸಿದ ಬಾಹುಬಲಿಯ ಮೂರ್ತಿ ೪೨ ಅಡಿ ಎತ್ತರವಿದೆ. ಅಷ್ಟೆತ್ತರದ ಮನುಷ್ಯನೊಬ್ಬನನ್ನು ಊಹಿಸಿಕೊಳ್ಳೋಣ. ಆತ ನಮಗಿಂತ ಏಳೂವರೆ ಪಾಲು ಉದ್ದ. ಶ್ವಾಸಕೋಶದ ತುದಿಗೆ ರಕ್ತ ಒಂದು ಮೀಟರಿಗೂ ಹೆಚ್ಚು ಏರಬೇಕು. ನಮ್ಮ ಬಲ ಹೃತ್ಕುಕ್ಷಿಯ ಒತ್ತಡವನ್ನೇ ಆತನಿಗೆ ಕೊಟ್ಟರೆ ಶ್ವಾಸಕೋಶದ ಮೇಲ್ಭಾಗವೆಲ್ಲ ಒಣಗಿಯೇ ಇರುವುದು. ಇದು ವಿನೋದದ ಲೆಕ್ಕವೇ ಸರಿ. ಆದರೂ ಪ್ರಕೃತಿ ಈ ಒತ್ತಡವನ್ನು ಎಷ್ಟು ಜಿಪುಣತನದಿಂದ ಗೊತ್ತುಮಾಡಿದೆ ಎಂಬುದು ಇದರಿಂದ ತಿಳಿಯುತ್ತದೆ. ಜಿಪುಣತನಕ್ಕೆ ಕಾರಣವೂ ಉಂಟು. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಅತ್ಯಂತ ತೆಳು. ಒತ್ತಡ ಹೆಚ್ಚಿದರೆ ರಕ್ತದ ನೀರು ಸೋರಿ ವಾಯುಕೋಶಗಳನ್ನು ತುಂಬಿಬಿಡುತ್ತದೆ.

ಈಗ ಆ ಕಿರಿಯ ರಕ್ತನಾಳಗಳ ಗೋಡೆ ದಪ್ಪನಾಗಿ ಒಳದಾರಿ ಇಕ್ಕಟ್ಟಾಯಿತೆನ್ನೋಣ. ಸಣ್ಣ ಕೊಳವೆಯಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಂಬ ಪ್ವಾಸೆಯ ನಿಯಮವನ್ನು ನಾವು ತರಗತಿಯಲ್ಲಿ ಗ್ಲಿಸರಿನ್ ಮತ್ತು ನೀರಿನ ಉದಾಹರಣೆಯಿಂದ ಕಲಿಸುತ್ತೇವೆ. ಪ್ವಾಸೆ ವೃತ್ತಿಯಿಂದ ವೈದ್ಯನೆಂಬುದನ್ನೂ, ೧೮೪೦ರ ಸುಮಾರಿನಲ್ಲಿ ಆತ ಈ ನಿಯಮವನ್ನು ಹುಡುಕಿ ಹೊರಟದ್ದು ರಕ್ತದ ಹರಿವನ್ನು ತಿಳಿಯುವುದಕ್ಕಾಗಿ ಎಂಬುದನ್ನೂ ಹೇಳಲು ಮರೆಯುತ್ತೇವೆ. ತ್ರಿಜ್ಯ ಐದರಲ್ಲಿ ಒಂದು ಪಾಲು ಕುಗ್ಗಿದರೂ ಸಾಕು, ಅದೇ ಒತ್ತಡಕ್ಕೆ ಹರಿವು ನೂರಕ್ಕೆ ೪೧ಕ್ಕೆ ಇಳಿಯುತ್ತದೆ. ಅರ್ಧವಾದರೆ ಹದಿನಾರರಲ್ಲಿ ಒಂದು ಪಾಲು. ಹರಿವು ಮೊದಲಿನಂತೆಯೇ ಇರಬೇಕಾದರೆ ಒತ್ತಡ ಏರಲೇಬೇಕು. ಸರಾಸರಿ ಒತ್ತಡ ೨೦ ಮಿಲಿಮೀಟರನ್ನು ಮೀರಿದರೆ ವೈದ್ಯರು ಅದನ್ನು ಶ್ವಾಸಕೋಶದ ಅಧಿಕ ರಕ್ತದೊತ್ತಡವೆಂದು ಕರೆಯುತ್ತಾರೆ. ತೆಳುವಾದ ಬಲ ಹೃತ್ಕುಕ್ಷಿ ಮೊದಮೊದಲು ದಪ್ಪನಾಗಿ ಹೆಣಗುತ್ತದೆ. ಆಮೇಲೆ ಹಿಗ್ಗಿ ಸೋಲುತ್ತದೆ. ಕಾಲು ಬಾಯುವುದು, ನಡೆಯುವಾಗ ತಲೆಸುತ್ತಿ ಬೀಳುವುದು ಆ ಸೋಲಿನ ಗುರುತುಗಳು.

ತೋಳಿಗೆ ಪಟ್ಟಿ ಸುತ್ತಿ ನೋಡುವ ರಕ್ತದೊತ್ತಡ ಎಡ ಪಂಪಿನದು. ಬಲಗಡೆಯ ಒತ್ತಡ ಮೂರು ಪಾಲಾದರೂ ಆ ಪಟ್ಟಿಗೆ ಅದರ ಸುಳಿವು ಸಿಕ್ಕದು. ಶ್ರವಣಾತೀತ ಧ್ವನಿಯ ಪ್ರತಿಧ್ವನಿಯಿಂದ ಅಂದಾಜು ಮಾಡಬಹುದು: ಬಲಗಡೆಯ ಕವಾಟದಿಂದ ಹಿಂದಕ್ಕೆ ಚಿಮ್ಮುವ ರಕ್ತದ ವೇಗವನ್ನು ಸೆಕೆಂಡಿಗೆ ಮೀಟರುಗಳಲ್ಲಿ ಅಳೆದು, ಅದರ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸ ಮಿಲಿಮೀಟರುಗಳಲ್ಲಿ ದೊರೆಯುತ್ತದೆ. ಇದು ಬರ್ನೂಲಿಯ ಸೂತ್ರವೇ. ಖಚಿತವಾಗಿ ತಿಳಿಯಬೇಕಾದರೆ ಹೃದಯದೊಳಕ್ಕೇ ಕೊಳವೆ ಇಳಿಸಬೇಕು. ಜರ್ಮನಿಯ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ೧೯೨೯ರಲ್ಲಿ ತನ್ನ ತೋಳಿನ ಅಭಿಧಮನಿಯ ಮೂಲಕ ೬೫ ಸೆಂಟಿಮೀಟರು ಉದ್ದದ ಕೊಳವೆಯನ್ನು ತನ್ನದೇ ಹೃದಯಕ್ಕೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದ. ಆ ಸಾಹಸಕ್ಕೆ ಆಗ ಬಂದದ್ದು ನಿಂದೆ. ೧೯೫೬ರಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಎಂಬವರೊಡನೆ ನೊಬೆಲ್ ಬಹುಮಾನ. ಮುಂದೆ ಅಮೆರಿಕದಲ್ಲಿ ಸ್ವಾನ್ ಎಂಬ ವೈದ್ಯ ಕಡಲತೀರದಲ್ಲಿ ಕುಳಿತು, ಮಂದಮಾರುತದಲ್ಲಿಯೂ ಹಾಯಿಬಿಚ್ಚಿ ಸಾಗುವ ದೋಣಿಯೊಂದನ್ನು ಕಂಡು, ಕೊಳವೆಯ ತುದಿಗೂ ಒಂದು ಹಾಯಿ ಕಟ್ಟಿದರೆ ರಕ್ತದ ಹರಿವೇ ಅದನ್ನು ಶ್ವಾಸಕೋಶದ ಅಪಧಮನಿಗೆ ಒಯ್ಯುವುದೆಂದು ಯೋಚಿಸಿದನಂತೆ. ಕಾಪುವಿನ ದೀಪಸ್ತಂಭದ ಬಳಿ ನಿಂತು ದೋಣಿಗಳನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ೧೯೭೦ರಲ್ಲಿ ಸ್ವಾನ್ ಮತ್ತು ಗಾನ್ಜ್ ಪ್ರಕಟಿಸಿದ ಕೊಳವೆಯ ತುದಿಯಲ್ಲಿ ಹಾಯಿಗೆ ಬದಲು ಪುಟ್ಟ ಬಲೂನಿತ್ತು.

ದಾರಿ ಇಕ್ಕಟ್ಟಾಗಲು ಕಾರಣಗಳು ಹಲವು. ಎಡ ಹೃದಯದ ಕಾಯಿಲೆಯಿಂದ ಒತ್ತಡ ಹಿಂದಕ್ಕೆ ಸರಿದು ಬರುವುದೇ ಹೆಚ್ಚು. ಎಳವೆಯ ಕೀಲುಜ್ವರದಿಂದ ಎಡಗವಾಟ ಕಿರಿದಾದವರಲ್ಲಿ ಇದನ್ನು ಕಾಣಬಹುದು. ಹೆಪ್ಪುಗಟ್ಟಿದ ರಕ್ತ, ಹುಟ್ಟಿನಿಂದಲೇ ಇರುವ ಹೃದಯದ ರಂಧ್ರಗಳು, ಬೇರೆ ಶ್ವಾಸಕೋಶದ ರೋಗಗಳು, ಇನ್ನು ಕೆಲವರಲ್ಲಿ ಕಾರಣವೇ ತಿಳಿಯದು. ಒಂದು ಕಾರಣವನ್ನು ಮಾತ್ರ ಬಿಡಿಸಿ ಹೇಳೋಣ. ೧೯೪೬ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳ ಮೇಲಿನ ಪ್ರಯೋಗದಿಂದ, ಆಮ್ಲಜನಕ ಕಡಮೆಯಾದರೆ ಶ್ವಾಸಕೋಶದ ರಕ್ತನಾಳಗಳು ಸಂಕೋಚಗೊಳ್ಳುತ್ತವೆಂದು ತೋರಿಸಿದರು. ಬೀಜ ಬಿತ್ತದ ಗದ್ದೆಗೆ ನೀರು ಹರಿಯದಂತೆ ರೈತ ಬದುವಿನ ಕಂಡಿಯನ್ನು ಮುಚ್ಚುವ ಹಾಗೆ, ಗಾಳಿಯಿಲ್ಲದ ಭಾಗಕ್ಕೆ ರಕ್ತ ಹೋಗದಂತೆ ತಡೆಯುವ ಜಾಣ ಏರ್ಪಾಡಿದು. ಆದರೆ ಶ್ವಾಸಕೋಶವಿಡೀ ಆಮ್ಲಜನಕಕ್ಕೆ ಬಾಯಿಬಿಡುವಾಗ ಎಲ್ಲ ಕಂಡಿಗಳೂ ಒಮ್ಮೆಲೇ ಮುಚ್ಚತೊಡಗುತ್ತವೆ. ಆಗ ಜಾಣತನವೇ ವೈರಿಯಾಗುತ್ತದೆ.

ಅಂಥ ಸ್ಥಿತಿ ನಮ್ಮ ಜಿಲ್ಲೆಗೆ ದೂರದ ಮಾತಲ್ಲ. ಮಳೆಗಾಲದಲ್ಲಿ ಕಾಪು, ಕಾರ್ಕಳದ ಕಡೆಯ ಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿಜ್ವರ ಹಿಡಿಯುವುದುಂಟು. ಇಲಿಯ ಮೂತ್ರ ಬೆರೆತ ನೀರಿನಿಂದ ಕಾಲಿನ ಗಾಯದ ಮೂಲಕ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ ಒಳಸೇರುತ್ತದೆ. ಬೇಗನೆ ಔಷಧಿ ದೊರೆತರೆ ಬಹು ಮಂದಿ ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ಶ್ವಾಸಕೋಶದ ಲೋಮನಾಳಗಳೇ ಸೋರಿ, ವಾಯುಕೋಶಗಳಲ್ಲಿ ರಕ್ತ ತುಂಬುತ್ತದೆ. ಅವರನ್ನು ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರಿಗೆ ಹಾಕದೆ ಗತ್ಯಂತರವಿಲ್ಲ. ಡಾಕ್ಟರ್ ಟಿ. ಎಂ. ಎ. ಪೈಯವರು ೧೯೫೩ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಸುತ್ತಲಿನ ಊರುಗಳಿಂದ ಇಂಥ ರೋಗಿಗಳು ಬಂದು ಸೇರುವ ದೊಡ್ಡ ಆಸ್ಪತ್ರೆ ಅದರದು. ಇಲಿಜ್ವರವನ್ನು ಕುರಿತ ಅಧ್ಯಯನಗಳೂ ಅಲ್ಲಿಂದ ಪ್ರಕಟವಾಗಿವೆ.

ವೆಂಟಿಲೇಟರು ಪ್ರತಿ ಸಲ ಎಷ್ಟು ಗಾಳಿ ತುಂಬಬೇಕು? ಸಾಮಾನ್ಯ ಬುದ್ಧಿ ಹೇಳುವುದು ಧಾರಾಳವಾಗಿ ತುಂಬಬೇಕೆಂದೇ. ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗ್ರಾಮಿಗೆ ೧೦ ರಿಂದ ೧೫ ಮಿಲಿಲೀಟರು ಕೊಡುವುದು ಬಹುಕಾಲ ರೂಢಿಯಲ್ಲಿತ್ತು. ರಕ್ತದಲ್ಲಿನ ಆಮ್ಲಜನಕದ ಅಂಕಿ ಅದರಿಂದ ಏರುತ್ತಿತ್ತು, ವೈದ್ಯರ ಮನಸ್ಸಿಗೂ ಸಮಾಧಾನವಿತ್ತು. ಆದರೆ ಸೋರಿದ ಶ್ವಾಸಕೋಶದಲ್ಲಿ ಗಾಳಿಗೆ ತೆರೆದಿರುವ ಭಾಗ ಅಲ್ಪ. ದೊಡ್ಡವರ ಪಾಲಿನ ಗಾಳಿಯನ್ನು ಮಗುವಿನ ಶ್ವಾಸಕೋಶಕ್ಕೆ ನೂಕಿದಂತೆ ಅದು ಹಿಗ್ಗಿ ಹರಿಯುತ್ತದೆ. ಹಿಗ್ಗಿದ ವಾಯುಕೋಶಗಳು ಲೋಮನಾಳಗಳನ್ನು ಅದುಮಿ, ಬಲ ಹೃತ್ಕುಕ್ಷಿಯ ಹೊರೆಯನ್ನು ಇನ್ನೂ ಹೆಚ್ಚಿಸುತ್ತವೆ. ಎರಡು ವಾದಗಳೂ ಯುಕ್ತವೆಂದೇ ತೋರುತ್ತವೆ. ವಾದದಿಂದ ಇದು ತೀರುವಂತಿರಲಿಲ್ಲ.

ಅಮೆರಿಕದಲ್ಲಿ ೮೬೧ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಿಲೋಗ್ರಾಮಿಗೆ ೧೨ ಮಿಲಿಲೀಟರು, ಇನ್ನೊಂದಕ್ಕೆ ೬. ಅರವತ್ತು ಕಿಲೋಗ್ರಾಮಿನವರಿಗೆ ೭೨೦ ಮತ್ತು ೩೬೦ ಎಂದಾಯಿತು. ಮೊದಲ ದಿನಗಳಲ್ಲಿ ಆಮ್ಲಜನಕದ ಅಂಕಿ ಚೆನ್ನಾಗಿ ಕಂಡದ್ದು ಹೆಚ್ಚು ಗಾಳಿಯ ಗುಂಪಿನಲ್ಲಿ. ಆದರೆ ೨೦೦೦ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನಲ್ಲಿ ನೂರಕ್ಕೆ ೪೦ ಮಂದಿ ತೀರಿಕೊಂಡಿದ್ದರು. ಕಡಮೆ ಗಾಳಿಯ ಗುಂಪಿನಲ್ಲಿ ೩೧. ಕಣ್ಣೆದುರಿನ ಅಂಕಿಯನ್ನು ನಂಬಿ ನಡೆದಿದ್ದರೆ ನೂರರಲ್ಲಿ ಒಂಬತ್ತು ಜೀವಗಳ ವ್ಯತ್ಯಾಸ ಎಂದಿಗೂ ತಿಳಿಯುತ್ತಿರಲಿಲ್ಲ. ಸ್ವಾನರ ಕೊಳವೆಯ ಕಥೆಯೂ ಹೀಗೆಯೇ. ಶ್ವಾಸಕೋಶದ ರಕ್ತದೊತ್ತಡವನ್ನು ನಿಷ್ಕರ್ಷಿಸಲು ಕೊಳವೆಯ ಪರೀಕ್ಷೆ ಇಂದಿಗೂ ಅನಿವಾರ್ಯ. ಆದರೆ ನಿಗಾ ಘಟಕದ ರೋಗಿಗಳಿಗೆ ವಾಡಿಕೆಯಂತೆ ಆ ಕೊಳವೆ ಹಾಕುವುದರಿಂದ ಬದುಕುವವರ ಸಂಖ್ಯೆ ಹೆಚ್ಚುವುದಿಲ್ಲವೆಂದು ಬ್ರಿಟನ್ನಿನಲ್ಲಿ ಸಾವಿರಕ್ಕೂ ಮಿಕ್ಕಿದ ರೋಗಿಗಳ ಪರೀಕ್ಷೆ ೨೦೦೫ರಲ್ಲಿ ತೋರಿಸಿತು.

ಬೆಟ್ಟದ ಮೆಟ್ಟಿಲಿನಲ್ಲಿ ಕುಳಿತ ತರುಣಿಯ ಕಾಯಿಲೆಗೂ ದಾರಿ ದೊರೆತದ್ದು ಚೀಟಿಯಿಂದಲೇ. ಕಾರಣ ತಿಳಿಯದ ಬಗೆಯ ರೋಗಿಗಳಲ್ಲಿ ಅರ್ಧದಷ್ಟು ಮಂದಿ ರೋಗ ಗೊತ್ತಾದ ೨.೮ ವರ್ಷಗಳೊಳಗೆ ಸಾಯುತ್ತಿದ್ದರೆಂದು ೧೯೯೧ರಲ್ಲಿ ಅಮೆರಿಕದ ಲೆಕ್ಕವೊಂದು ಪ್ರಕಟವಾಯಿತು. ರಕ್ತನಾಳಗಳನ್ನು ಸಡಿಲಿಸುವ ಪ್ರೊಸ್ಟಸೈಕ್ಲಿನ್ ಎಂಬ ವಸ್ತುವನ್ನು ಹಗಲಿರುಳೂ ಪಂಪಿನಿಂದ ರಕ್ತಕ್ಕೆ ಸೇರಿಸುವ ಚಿಕಿತ್ಸೆಯನ್ನು ೮೧ ರೋಗಿಗಳಲ್ಲಿ ಪರೀಕ್ಷಿಸಿ, ೧೯೯೬ರಲ್ಲಿ ಫಲಿತಾಂಶ ತಿಳಿಸಿದರು. ಹನ್ನೆರಡು ವಾರಗಳಲ್ಲಿ ಎಂಟು ಮಂದಿ ತೀರಿಕೊಂಡರು; ಎಂಟು ಮಂದಿಯೂ ಹಳೆಯ ಚಿಕಿತ್ಸೆಯ ಗುಂಪಿನವರು. ಇಂದು ನುಂಗುವ ಮಾತ್ರೆಗಳೂ ಇವೆ; ಸಿಲ್ಡೆನಫಿಲ್ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ರೋಗ ಬುಡಸಮೇತ ಹೋಗುವುದಿಲ್ಲ, ಆದರೆ ನಡಿಗೆ ಮರಳುತ್ತದೆ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂಬುದೇ ಇಲ್ಲಿ ವೈದ್ಯರ ಅಳತೆಗೋಲು.

ಆ ಎಂಟು ಮಂದಿಯನ್ನು ನೆನೆದಾಗ ಮನಸ್ಸು ಕಲಕುತ್ತದೆ. ‘ನಮ್ಮವರನ್ನು ಪ್ರಯೋಗದ ಪಶು ಮಾಡುವುದೇ’ ಎಂದು ಕೇಳುವವರ ಮಾತನ್ನು ತಳ್ಳಿಹಾಕುವುದು ನಮಗೆ ಸಮ್ಮತವಲ್ಲ. ಚೀಟಿ ಎತ್ತುವುದು ನ್ಯಾಯವಾಗುವುದು, ಎರಡರಲ್ಲಿ ಯಾವುದು ಲೇಸೆಂದು ಯಾರಿಗೂ ತಿಳಿಯದಿರುವಾಗ ಮಾತ್ರ. ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗಳನ್ನು ಸಾರ್ವಜನಿಕರು ನೋಡಬಹುದಾದ ದಾಖಲೆಯಲ್ಲಿ ಬರೆಯಿಸುವ ಏರ್ಪಾಡು ೨೦೦೭ರಲ್ಲಿ ಮೊದಲಾಯಿತು. ಔಷಧಿಗಳ ಪರೀಕ್ಷೆಗೆ ೨೦೦೯ರಲ್ಲಿ ಅದು ಕಡ್ಡಾಯವಾಯಿತು. ಆರಂಭಕ್ಕೆ ಮುನ್ನ ನೀತಿಸಮಿತಿಯ ಅನುಮತಿ ಬೇಕು, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಬರೆದಿರುವುದು ಕನ್ನಡದಲ್ಲಾದರೂ ನಮ್ಮ ಕಡೆ ಅದನ್ನು ತುಳುವಿನಲ್ಲಿ ಇನ್ನೊಮ್ಮೆ ಹೇಳಬೇಕಾಗಬಹುದು. ಒಪ್ಪದಿದ್ದರೂ ಎಂದಿನ ಚಿಕಿತ್ಸೆಗೆ ಕುಂದು ಬರಕೂಡದು. ವೆಂಟಿಲೇಟರಿನಲ್ಲಿರುವವನು ಮಾತನಾಡಲಾರ, ಹೊರಗೆ ಕುಳಿತ ಹೆಂಡತಿಯೋ ಮಗನೋ ಅವನ ಪರವಾಗಿ ರುಜು ಹಾಕಬೇಕು. ಅವನು ಎಚ್ಚತ್ತು ತಿಳಿವು ಮರಳಿದ ಮೇಲೆ ವೈದ್ಯರು ಅವನನ್ನೇ ಪುನಃ ಕೇಳತಕ್ಕದ್ದು ಎಂದು ನಿಯಮವಿದೆ; ಬೇಡವೆಂದರೆ ಅಲ್ಲಿಗೆ ಅವನ ಪಾಲಿನ ಪರೀಕ್ಷೆ ನಿಲ್ಲುತ್ತದೆ, ಚಿಕಿತ್ಸೆ ಮುಂದುವರಿಯುತ್ತದೆ.