ಹುಲ್ಲುಗಾವಲಿನ ಕಿರಿಯ ಒಕ್ಕಲಿಗರು

ಕೊಲ್ಹಾರದ ಗಡಿಗೆಮೊಸರನ್ನು ಉಂಡು ಕೊಂಡಾಡದವರು ನಮ್ಮಲ್ಲಿ ವಿರಳ. ಮೊಸರಿಗೆ ಹಾಲು ಬೇಕು, ಹಾಲಿಗೆ ದನ ಬೇಕು, ದನಕ್ಕೆ ಮೇವು ಬೇಕು. ಇಷ್ಟು ಎಲ್ಲರೂ ಬಲ್ಲ ಮಾತು. ಆದರೆ ಹುಲ್ಲು ಹೀರಿದ ಸಾರ ಮತ್ತೆ ನೆಲಕ್ಕೆ ಮರಳದಿದ್ದರೆ ಬರುವ ವರ್ಷದ ಹುಲ್ಲಿಗೆ ಏನು ಗತಿ? ಅದನ್ನು ಮರಳಿಸುವ ಕಾರ್ಯದಲ್ಲಿ ಎರಡು ಕಿರುಜೀವಿಗಳ ಪಾಲು ದೊಡ್ಡದು. ಒಂದು ಗೆದ್ದಲು, ಇನ್ನೊಂದು, ನಾವು ಹೆಂಡಿ ಎನ್ನುವ ಸಗಣಿಯನ್ನೇ ನಂಬಿ ಬಾಳುವ ಹೆಂಡಿಹುಳು.

ಬೇಸಗೆಯಲ್ಲಿ ಮಡ್ಡಿಯ ಹುಲ್ಲೆಲ್ಲ ಒಣಗಿ ನಿಲ್ಲುತ್ತದೆ. ಅದರ ಗಟ್ಟಿ ನಾರು ಕೊಳೆಯಲು ತೇವ ಬೇಕು. ಆ ಬಿಸಿಲಿನಲ್ಲಿ ತೇವವೆಲ್ಲಿ? ಗೆದ್ದಲು ಅದನ್ನು ನೆಲದೊಳಗಿನ ತನ್ನ ಮನೆಯಲ್ಲಿ ಕಾಯ್ದುಕೊಂಡಿರುತ್ತದೆ. ಹುತ್ತ ಕಟ್ಟುವ ಜಾತಿಯ ಗೆದ್ದಲುಗಳು ಹುಲ್ಲು ಕಡ್ಡಿಗಳನ್ನು ತಿಂದು, ತಮ್ಮ ಮಲದಿಂದ ಸ್ಪಂಜಿನಂತಹ ಗೂಡು ಕಟ್ಟಿ, ಅದರ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸುತ್ತವೆ. ಬೂಷ್ಟು ನಾರನ್ನು ಮೆತ್ತಗೆ ಮಾಡಿದ ಮೇಲೆ ಅದೇ ಅವುಗಳ ಆಹಾರ. ಮಳೆ ಬಿದ್ದಾಗ ಹುತ್ತದ ಬಳಿ ಏಳುವ ಅಣಬೆಗಳು ಈ ತೋಟದ ಫಸಲೇ. ಗೆದ್ದಲು ಕೊರೆದ ದಾರಿಗಳಲ್ಲಿ ಮಳೆನೀರು ಇಂಗುತ್ತದೆ. ಕೆಳಗಿನ ಮಣ್ಣು ಮೇಲಕ್ಕೆ ಬರುತ್ತದೆ.

ಹೆಂಡಿಹುಳು ಹಸಿ ಹೆಂಡಿಯ ವಾಸನೆ ಹಿಡಿದು ಹಾರಿಬರುತ್ತದೆ. ಇವುಗಳಲ್ಲಿ ಮೂರು ಪಂಗಡ. ಕೆಲವು ಉಂಡೆ ಕಟ್ಟಿ, ಹಿಂಗಾಲಿನಿಂದ ಉರುಳಿಸಿಕೊಂಡು ಹೋಗಿ ಹೂಳುತ್ತವೆ. ಕೆಲವು ಹೆಂಡಿಯ ಅಡಿಯಲ್ಲೇ ಬಿಲ ತೋಡಿ ಕೆಳಗಿಳಿಸುತ್ತವೆ. ಉಳಿದವು ಹೆಂಡಿಯೊಳಗೇ ಸಂಸಾರ ಹೂಡುತ್ತವೆ. ಹೂಳಿದ ಹೆಂಡಿಯಲ್ಲಿ ತತ್ತಿ ಇಟ್ಟರೆ ಮರಿಹುಳುವಿಗೆ ಅದೇ ಬುತ್ತಿ. ಮಿಕ್ಕದ್ದು ಹುಲ್ಲಿನ ಬೇರಿಗೆ ಗೊಬ್ಬರ.

ಇವಿಲ್ಲದಿದ್ದರೆ ಏನಾದೀತೆಂಬುದನ್ನು ಆಸ್ಟ್ರೇಲಿಯ ಕಂಡಿದೆ. ಅಲ್ಲಿಯ ಹುಳುಗಳು ಕಾಂಗರೂಗಳ ಒಣ ಹಿಕ್ಕೆಗೆ ಒಗ್ಗಿದವು. ಹೊರಗಿನಿಂದ ತಂದ ದನಗಳ ಹೆಂಡಿ ಹಾಗೆಯೇ ಬಿದ್ದು ಹುಲ್ಲನ್ನು ಮುಚ್ಚಿತು, ನೊಣಗಳು ಹೆಚ್ಚಿದವು. ಕಡೆಗೆ 1960ರ ದಶಕದಲ್ಲಿ ವಿಜ್ಞಾನಿಗಳು ಹೊರದೇಶಗಳ ಹೆಂಡಿಹುಳುಗಳನ್ನು ತರಿಸಿ ಬಿಡಲಾರಂಭಿಸಿದರು.

ನಮ್ಮಲ್ಲಿ ಅವು ತಾವಾಗಿಯೇ ಇವೆ, ಉಳಿಸಿಕೊಂಡರೆ ಸಾಕು. ಐವರ್ಮೆಕ್ಟಿನ್ ಎಂಬ ಜಂತುನಾಶಕವು ದನದ ಹೆಂಡಿಯಲ್ಲಿ ಹಲವು ದಿನ ಉಳಿದು ಮರಿಹುಳುಗಳನ್ನು ಕೊಲ್ಲುತ್ತದೆ. ಪಶುವೈದ್ಯರನ್ನು ಕೇಳದೆ ಅದನ್ನು ಹಾಕಿಸಬೇಡಿರಿ. ಗೆದ್ದಲು ಮನೆಯ ತೊಲೆಗೋ ಹೊಲದ ಬೆಳೆಗೋ ಹತ್ತಿದರೆ ತಡೆಯಲೇಬೇಕು. ಆದರೆ ಗಾಯರಾಣದ ಹುತ್ತಕ್ಕೆ ವಿಷ ಸುರಿಯುವುದೇಕೆ? ಕುಳ್ಳಿಗೆಂದು ಅಲ್ಲಿಯ ಹೆಂಡಿಯನ್ನೆಲ್ಲ ಬಳಿದು ತರುವುದೂ ಸಲ್ಲದು.

ಮುಂಗಾರು ಹಿಡಿದ ಮೇಲೆ ಊರ ಹೊರಗೆ ಹೋದಾಗ, ಒಂದೆರಡು ದಿನದ ಹೆಂಡಿಯನ್ನು ಕಡ್ಡಿಯಿಂದ ಎತ್ತಿ ನೋಡಿರಿ. ಅಡಿಯಲ್ಲಿ ಬೆರಳು ಹೋಗುವಷ್ಟು ತೂತುಗಳೂ ಸಡಿಲಾದ ಮಣ್ಣೂ ಕಂಡರೆ, ಉಳುಮೆ ನಡೆದಿದೆ ಎಂದು ತಿಳಿಯಿರಿ.