ಬೋಟಿನ ಬ್ಯಾಟರಿ: ಕಾಣದ ಬೆಂಕಿಗೆ ಎಚ್ಚರ!

ಜೂನ್ ಒಂದು ಬಂತೆಂದರೆ ನಮ್ಮ ಕರಾವಳಿಯ ಬಂದರುಗಳಲ್ಲಿ ಸದ್ದಡಗುತ್ತದೆ. ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ, ಕಾರವಾರಗಳಲ್ಲಿ ಬಲೆ ಸರಿಪಡಿಸುವ, ಬಣ್ಣ ಬಳಿಯುವ ಕೆಲಸ ಭರದಿಂದ ಸಾಗುತ್ತದೆ. ಮೂಲೆಯಲ್ಲಿ ಕೂತ ಬ್ಯಾಟರಿಯ ನೆನಪಾಗುವುದು ಮಾತ್ರ ಆಗಸ್ಟಿನಲ್ಲಿ, ಎಂಜಿನ್ ಚಾಲೂ ಆಗದೆ ಹೋದಾಗ!

ರಸ್ತೆಯಲ್ಲಿ ಕಾರು ಕೆಟ್ಟರೆ ಇಳಿದು ತಳ್ಳಬಹುದು. ಕಡಲಿನಲ್ಲಿ ಆ ಅನುಕೂಲವಿಲ್ಲ. ಬೆಂಕಿ ಹತ್ತಿದರಂತೂ ಓಡಿಹೋಗಲು ನೆಲವೇ ಇಲ್ಲ. ಆದ್ದರಿಂದ ಬೋಟಿನಲ್ಲಿ ಕಣ್ಣಿಗೆ ಕಾಣದ ಎರಡು ಶತ್ರುಗಳನ್ನು ಅರಿತಿರಬೇಕು. ಒಂದು ಮೇಲೇರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ.

ಮೇಲೇರುವ ಅನಿಲ

ಬ್ಯಾಟರಿಯೊಳಗೆ ಸೀಸದ ಪ್ಲೇಟುಗಳು ಗಂಧಕಾಮ್ಲ ಬೆರೆತ ನೀರಿನಲ್ಲಿ ಮುಳುಗಿರುತ್ತವೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ಈ ಏರ್ಪಾಡಿನ ತತ್ವ ಇಂದಿಗೂ ಅದೇ. ಚಾರ್ಜ್ ತುಂಬುತ್ತ ಬಂದಂತೆ ನೀರು ವಿಭಜನೆಯಾಗಿ ಜಲಜನಕ, ಆಮ್ಲಜನಕಗಳು ಗುಳ್ಳೆಗುಳ್ಳೆಯಾಗಿ ಹೊರಬರುತ್ತವೆ. ಜಲಜನಕ ಗಾಳಿಗಿಂತ ಸುಮಾರು 14 ಪಟ್ಟು ಹಗುರ. ಮುಚ್ಚಿದ ಕೋಣೆಯಲ್ಲಿ ಮೇಲ್ಭಾಗದಲ್ಲಿ ಸೇರಿಕೊಂಡು, ಗಾಳಿಯಲ್ಲಿ ಶೇಕಡಾ 4ರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸಿಡಿದರೆ ಹಾರುವುದು ಆಮ್ಲ. ಮೊದಲು ಅಪಾಯ ಕಣ್ಣಿಗೆ.

ಆದ್ದರಿಂದ ಚಾರ್ಜಿಗೆ ಇಡುವ ಜಾಗಕ್ಕೆ ಗಾಳಿ ಆಡಬೇಕು. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರಬೇಡಿ, ಬೀಡಿ ದೂರವಿರಲಿ. ಕ್ಲಿಪ್ ಕೀಳುವ ಮೊದಲು ಚಾರ್ಜರಿನ ಸ್ವಿಚ್ ಆರಿಸಿ.

ಬ್ಯಾಟರಿ ಬಿಚ್ಚುವಾಗ ಮೊದಲು ಋಣ ತಂತಿ, ಆಮೇಲೆ ಧನ ತಂತಿ. ಜೋಡಿಸುವಾಗ ಇದಕ್ಕೆ ವಿರುದ್ಧ. ಕಾರಣ ಸರಳ: ಸಾಮಾನ್ಯವಾಗಿ ಎಂಜಿನ್ನಿನ ಲೋಹಕ್ಕೆ ಋಣ ಧ್ರುವದ ಸಂಪರ್ಕವಿರುತ್ತದೆ. ಮೊದಲೇ ಧನ ಧ್ರುವಕ್ಕೆ ಸ್ಪ್ಯಾನರ್ ಹಚ್ಚಿ ಅದು ಎಂಜಿನ್ನಿಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಕಿಡಿ ಹಾರುತ್ತದೆ.

ಕೆಳಗಿಳಿಯುವ ಆವಿ

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಚೆಲ್ಲಿದ ಒಂದಿಷ್ಟು ಪೆಟ್ರೋಲ್ ಆವಿಯಾಗಿ ಬೋಟಿನ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ನಿಂತವನ ಮೂಗಿಗೆ ವಾಸನೆ ಹತ್ತದೆಯೂ ಹೋಗಬಹುದು. ಎತ್ತಬಹುದಾದ ಟ್ಯಾಂಕನ್ನು ದಡಕ್ಕೆ ಒಯ್ದು ತುಂಬಿಸುವುದೇ ಲೇಸು. ತುಂಬಿದ ಮೇಲೆ ಮುಚ್ಚಳಗಳನ್ನು ತೆರೆದು ಗಾಳಿಯಾಡಲು ಬಿಡಿ. ಬಗ್ಗಿ ತಳದಲ್ಲಿ ಮೂಸಿ ನೋಡಿ. ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಕೀಲಿ ತಿರುಗಿಸಿ. ಡೀಸೆಲ್ ಇಷ್ಟು ಸುಲಭವಾಗಿ ಆವಿಯಾಗದು. ಆದರೆ ತಳದಲ್ಲಿ ಎಣ್ಣೆ ನಿಲ್ಲಲು ಬಿಡುವುದು ಯಾವ ಬೋಟಿಗೂ ಒಳ್ಳೆಯದಲ್ಲ.

ಉಪ್ಪಿನ ಕಾಟ

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಔಟ್‌ಬೋರ್ಡ್ ಎಂಜಿನ್ ಈ ನೀರಿನಿಂದಲೇ ತಂಪಾಗುವುದರಿಂದ ಒಳದಾರಿಗಳಲ್ಲಿ ಉಪ್ಪು ಕಟ್ಟುತ್ತದೆ. ದಡಕ್ಕೆ ಬಂದ ಮೇಲೆ ಸಿಹಿನೀರು ಹಾಯಿಸಿ ತೊಳೆಯಬೇಕು. ಎಂಜಿನ್ನಿಗೆ ಕಟ್ಟಿದ ಸತುವಿನ ತುಂಡನ್ನೂ ಗಮನಿಸಿ. ಸತುವು ತಾನು ಕರಗಿ ಉಳಿದ ಲೋಹವನ್ನು ಕಾಯುತ್ತದೆ. 1824ರಲ್ಲಿ ಹಂಫ್ರಿ ಡೇವಿ ಹಡಗುಗಳ ತಾಮ್ರದ ಹೊದಿಕೆ ಉಳಿಸಲು ಸೂಚಿಸಿದ ಉಪಾಯವಿದು. ಅದರ ಮೇಲೆ ಬಣ್ಣ ಬಳಿದರೆ ಕೆಲಸ ಕೆಟ್ಟಿತು! ಅರ್ಧ ಸವೆದಾಗ ಹೊಸದು ಹಾಕಿ.

ಬ್ಯಾಟರಿಯೊಳಗೆ ಉಪ್ಪುನೀರು ನುಗ್ಗಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಬ್ಯಾಟರಿಯನ್ನು ಎತ್ತರದಲ್ಲಿ, ಅಲುಗದಂತೆ ಬಿಗಿದು ಇಡಬೇಕೆನ್ನುವುದು ಇದಕ್ಕೇ.

ರಜೆಯಲ್ಲೂ ಆರೈಕೆ

ಸುಮ್ಮನಿದ್ದರೂ ಬ್ಯಾಟರಿಯ ಚಾರ್ಜ್ ಸೋರುತ್ತದೆ. ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತರೆ ಮತ್ತೆ ಚಾರ್ಜ್ ಹಿಡಿಯದು. ನಿಷೇಧದ ದಿನಗಳಲ್ಲಿ ಅದನ್ನು ಬೋಟಿನಿಂದ ಇಳಿಸಿ, ಪೂರ್ತಿ ಚಾರ್ಜ್ ಮಾಡಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ಹೈಡ್ರಾಮೀಟರಿನಲ್ಲಿ 1.26ರ ಆಸುಪಾಸು ತೋರಿಸಿದರೆ ಚಾರ್ಜ್ ಪೂರ್ತಿಯಾಗಿದೆ ಎಂದರ್ಥ. ಕಡಿಮೆಯಾದ ಮಟ್ಟಕ್ಕೆ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಿ, ಆಮ್ಲವನ್ನಲ್ಲ. ಆಮ್ಲ ಮೈಮೇಲೆ ಬಿದ್ದರೆ ಧಾರಾಳವಾಗಿ ನೀರು ಸುರಿಯಿರಿ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ತೊಳೆದು ವೈದ್ಯರ ಬಳಿ ಧಾವಿಸಿ.

ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ. ಹಗುರವಾದದ್ದು ಮೇಲೇರುತ್ತದೆ, ಭಾರವಾದದ್ದು ಕೆಳಗಿಳಿಯುತ್ತದೆ ಎಂಬ ಶಾಲೆಯ ಪಾಠ ಕೀಲಿ ತಿರುಗಿಸುವ ಮುನ್ನ ನೆನಪಾದರೆ ಸಾಕು.